ಏಳೂವರೆಯ ಗಾಡಿ

ದೇವಕ್ಕನ ಅಂಗೈಯಿಂದ ರಕ್ತ ಇಳಿದು ಹಸಿರು ಬಕೆಟ್ಟಿನ ಅಂಚಿಗೆ ತಾಗಿದಾಗ ಗಂಟೆ ಏಳೂವರೆ ದಾಟಿ ಹೆಚ್ಚು ಹೊತ್ತಾಗಿರಲಿಲ್ಲ. ನೀಲಾ ಕಸದ ಗಾಡಿಯ ಇಂಜಿನ್ ಆರಿಸಿ ಕೆಳಗಿಳಿದಳು. ಕೊರಳಿನ ವೇಲು ತೆಗೆದು ಆ ಕೈಗೆ ಬಿಗಿಯಾಗಿ ಸುತ್ತಿದಳು. ಬಕೆಟ್ಟಿನೊಳಗೆ ಮೆಂತ್ಯದ ದಂಟು, ಸೋಸಿದ ಚಹಾಪುಡಿ, ಹೀರೇಕಾಯಿಯ ಸಿಪ್ಪೆ. ಅವುಗಳ ನಡುವೆ ಅಂಗೈ ಅಗಲದ ಗಾಜಿನ ಚೂರು.

ದೇವಕ್ಕ ಅವಳ ಚಿಗವ್ವ. ತಾಯಿ ತೀರಿಕೊಂಡ ಮೇಲೆ ನೀಲಾಳನ್ನು ಸಾಕಿದವಳು. ಈಗ ಇಬ್ಬರದೂ ಒಂದೇ ಗಾಡಿ. ನೀಲಾ ನಡೆಸುತ್ತಾಳೆ, ದೇವಕ್ಕ ಹಿಂದೆ ನಿಂತು ಬಕೆಟ್ಟುಗಳನ್ನು ಸುರಿಯುತ್ತಾಳೆ.

ಬಕೆಟ್ಟು ಬಂದದ್ದು ಕೆಲಗೇರಿಯ ಆ ಓಣಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಿಂದ. ಮುಂದೆ ಅಂಗಡಿ, ಹಿಂದೆ ಮನೆ.

"ಯಾರದೀರಿ ಒಳಗ?" ನೀಲಾ ಕರೆದಳು.

ಹೊರಗೆ ಬಂದವನಿಗೆ ಮೂವತ್ತೈದರ ಹತ್ತಿರ. ಕಿವಿಯ ಮೇಲೆ ಪೆನ್ಸಿಲ್ಲು, ಮೊಣಕೈವರೆಗೆ ಕಟ್ಟಿಗೆಯ ಪುಡಿ. ಅವನ ಬೆನ್ನ ಹಿಂದೆ ಬಾಗಿಲಲ್ಲಿ ಹಣೆಯ ತುಂಬ ವಿಭೂತಿ ಹಚ್ಚಿದ ಅವನ ತಾಯಿ ಬಂದು ನಿಂತರು.

"ಈ ಗಾಜು ನಿಮ್ದೇನ್ರಿ?"

ಅವನು ಚೂರನ್ನು ನೋಡಿದ. ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದ. "ನಂದ ರೀ," ಅಂದ. "ತಪ್ಪು ನಂದ."

ನೀಲಾ ಜಗಳಕ್ಕೆ ಸಿದ್ಧಳಾಗಿದ್ದಳು. ಆರು ವರ್ಷದ ಕೆಲಸದಲ್ಲಿ ಯಾವ ಬಾಗಿಲಲ್ಲೂ ಯಾರೂ ಹೀಗೆ ಒಪ್ಪಿಕೊಂಡಿರಲಿಲ್ಲ. ನಾವಲ್ಲ, ಬಾಜೂದವರು, ಕೆಲಸದವಳು, ನಾಯಿ. ಉತ್ತರಗಳು ಅವಳಿಗೆ ಬಾಯಿಪಾಠವಾಗಿದ್ದವು.

ಅಷ್ಟರಲ್ಲಿ ಅವನು ಸ್ಕೂಟರ್ ಹೊರಗೆ ತಂದಿದ್ದ. "ನೀವು ಓಣಿ ಮುಗಸ್ರಿ. ಇವರನ್ನ ನಾ ದವಾಖಾನಿಗೆ ಕರಕೊಂಡ ಹೋಗತೇನಿ."

"ನೀವ್ಯಾರಂತ ನಂಬಿ ಕಳಸ್ಲಿ?"

ಅವನು ಸುತ್ತ ನೋಡಿ, ಕಿಸೆಯಿಂದ ಅಂಗಡಿಯ ಕೀಲಿಕೈ ತೆಗೆದು ಅವಳ ಕೈಗಿಟ್ಟ. "ರಾಜಶೇಖರ ಅಂತ ಹೆಸರು. ಇವರನ್ನ ಮನಿ ಮುಟ್ಟಿಸಿದ ಮ್ಯಾಲ ಇದನ್ನ ಕೊಡ್ರಿ."

ಐದು ಹೊಲಿಗೆ ಬಿದ್ದವು. ಹನ್ನೊಂದು ಗಂಟೆಗೆ ಲಕಮನಹಳ್ಳಿಯ ಅವರ ಮನೆಯ ಮುಂದೆ ದೇವಕ್ಕನನ್ನು ಇಳಿಸಿ, ಗುಳಿಗೆ ಯಾವಾಗ ನುಂಗಬೇಕೆಂದು ಎರಡೆರಡು ಸಲ ಹೇಳಿ ಅವನು ನಿಂತಿದ್ದ. ನೀಲಾ ಕೀಲಿಕೈ ಕೊಟ್ಟಳು.

*

ಆ ಓಣಿ ಮತ್ತು ಅದರ ಸುತ್ತಲಿನ ಇನ್ನು ಮೂರು ಓಣಿಗಳನ್ನು ಪಾಲಿಕೆಯವರು ಆರು ತಿಂಗಳ ಪ್ರಯೋಗಕ್ಕೆ ಆರಿಸಿದ್ದರು. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾಗಬೇಕು. ಹಸಿ ಕಸ ಊರಾಚೆಯ ದೊಡ್ಡ ಗುಡ್ಡೆಗೆ ಹೋಗದೆ ಲಕಮನಹಳ್ಳಿಯ ಶೆಡ್ಡಿನಲ್ಲಿ ಗೊಬ್ಬರವಾಗಬೇಕು. ಗೊಬ್ಬರ ಚೊಕ್ಕಟಾಗಿ ಬಂದರೆ ಬೇರೆ ವಾರ್ಡುಗಳಿಗೂ ಇದೇ ಪದ್ಧತಿ. ಬರದಿದ್ದರೆ ಮೊದಲಿನಂತೆ ಎಲ್ಲ ಕಲಸಿ ಗುಡ್ಡೆಗೆ.

ಆ ಗುಡ್ಡೆಯ ಮೇಲೆ ದೇವಕ್ಕ ಇಪ್ಪತ್ತು ವರ್ಷ ಚಿಂದಿ ಆಯುತ್ತ ಕೈಯಾಡಿಸಿದ್ದಳು. ಬೇಸಿಗೆಯಲ್ಲಿ ಅದು ಒಳಗೊಳಗೇ ಹೊತ್ತಿ ಉರಿಯುತ್ತಿತ್ತು. ಆ ಹೊಗೆ ಇಂದಿಗೂ ಅವಳ ಎದೆಯಲ್ಲಿ ಕೆಮ್ಮಾಗಿ ಉಳಿದಿತ್ತು. ಚಿಗವ್ವ ಇನ್ನೊಮ್ಮೆ ಅಲ್ಲಿಗೆ ಹೋಗಬಾರದು ಎಂದೇ ನೀಲಾ ಡ್ರೈವಿಂಗ್ ಕಲಿತದ್ದು, ಈ ಪ್ರಯೋಗದ ಗಾಡಿಯನ್ನು ಕೇಳಿ ಪಡೆದದ್ದು.

ಮರುದಿನ ಏಳೂವರೆಗೆ ರಾಜಶೇಖರ ಎರಡು ಬಕೆಟ್ಟು ಹಿಡಿದು ಬಾಗಿಲಲ್ಲಿದ್ದ. ಕಂಕುಳಲ್ಲಿ ಮುಚ್ಚಳವಿದ್ದ ಒಂದು ಕಟ್ಟಿಗೆಯ ಪೆಟ್ಟಿಗೆ. ಫ್ರೇಮು ಕೊರೆದು ಉಳಿದ ತುಂಡುಗಳಿಂದ ಮಾಡಿದ್ದು. ಮೇಲೆ ಕೆಂಪು ಬಣ್ಣದಲ್ಲಿ 'ಗಾಜು' ಎಂದು ಬರೆದಿದ್ದ.

"ಹಿಂಗ ಕೊಟ್ರ ನಡೀತೈತೇನ್ರಿ?"

"ನಡೀತೈತಿ. ಆದ್ರ ಒಣ ಕಸ ಶನಿವಾರ. ಇವತ್ತ ಬುಧವಾರ."

ಅವನು ಪೆಟ್ಟಿಗೆಯನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು ತಲೆಯಾಡಿಸಿದ, ಸಾಲೆಯ ಹುಡುಗನ ಹಾಗೆ. ನೀಲಾಳಿಗೆ ನಗು ಬಂತು. ಅದನ್ನು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುವ ನೆಪದಲ್ಲಿ ಮುಚ್ಚಿಕೊಂಡಳು.

ದೇವಕ್ಕ ರಜೆಯಲ್ಲಿದ್ದ ಹತ್ತು ದಿನ ಅವನು ತಾನಾಗಿಯೇ ಗಾಡಿಯ ಹಿಂದೆ ನಡೆದ. ಆ ಓಣಿಯ ಇಪ್ಪತ್ತೆರಡು ಮನೆಯ ಬಕೆಟ್ಟುಗಳನ್ನು ಸುರಿದ. ನೆರೆಯವರು ನೋಡಿದರು. ಅವನು ನೋಡಿಸಿಕೊಂಡ. ಓಣಿಯ ತುದಿಯಲ್ಲಿ ಕೈ ತೊಳೆದುಕೊಂಡು ಅಂಗಡಿ ತೆರೆಯಲು ಹೋಗುತ್ತಿದ್ದ.

ಆಮೇಲೆ ಪ್ರಶ್ನೆಗಳು ಶುರುವಾದವು.

"ಬಳ್ಳೊಳ್ಳಿ ಸಿಪ್ಪಿ ಹಸೀದೋ ಒಣದೋ?"

"ಹಸೀದು."

"ಒಣಗಿರತೈತಲ್ರಿ."

"ಒಣಗಿದ್ರೂ ಹಸೀದು. ಕೊಳಿಯೂದೆಲ್ಲಾ ಹಸೀದು. ನಿನ್ನಿನೂ ಇದನ್ನ ಕೇಳಿದ್ರಿ."

"ಮರತೆ."

"ಅಷ್ಟ ಸಣ್ಣ ಫ್ರೇಮಿನ ಅಳತಿ ನೆನಪಿರತೈತಿ, ಇದು ಮರೀತೈತೇನು?"

ಅವನು ಬಕೆಟ್ಟಿನ ಹಿಡಿಕೆಯನ್ನೇ ನೋಡುತ್ತ ಹೇಳಿದ. "ಮರತ್ರ ನೀವು ಒಂದ ನಿಮಿಷ ಹೆಚ್ಚು ನಿಲ್ತೀರಿ."

ನೀಲಾ ಗೇರು ಹಾಕಿದಳು. ಒಂದನೆಯದರ ಬದಲು ಮೂರನೆಯದು ಬಿತ್ತು. ಗಾಡಿ ಕೆಮ್ಮಿ ನಿಂತಿತು. ಕೈಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದ ದೇವಕ್ಕ ಮುಂದಿನ ತಿರುವಿನಲ್ಲಿ ಅಂದಳು, "ಅಂವಗ ಬಳ್ಳೊಳ್ಳಿ ಸಿಪ್ಪಿ ಯಾವುದಂತ ಗೊತ್ತಿಲ್ಲಂತ. ನಾನೂ ನಂಬಿದೆ."

ಆ ಮನೆಯ ಮುಂದೆ ನಿಲ್ಲುವ ಹೊತ್ತಿಗೆ ಅವನ ತಾಯಿ ದಾನವ್ವ ದಿನವೂ ಎರಡು ಸ್ಟೀಲ್ ಲೋಟಗಳಲ್ಲಿ ಚಹಾ ತಂದು ಕಿಟಕಿಯ ಹೊರಗಟ್ಟೆಯ ಮೇಲಿಡುತ್ತಿದ್ದರು. ದೇವಕ್ಕ ಕುಡಿದು, ಬೀದಿಯ ನಲ್ಲಿಯಲ್ಲಿ ಲೋಟ ತೊಳೆದು ಬೋರಲು ಹಾಕುತ್ತಿದ್ದಳು. ನೀಲಾ ಮಾತ್ರ ಪ್ರತಿದಿನ ಒಂದೇ ಮಾತು ಹೇಳುತ್ತಿದ್ದಳು, "ನಂದು ಆಗೇತ್ರಿ."

*

ಮೂರನೆಯ ತಿಂಗಳಲ್ಲಿ ಮೊದಲ ಗೊಬ್ಬರ ತಯಾರಾಯಿತು. ಸಸಿ ಮಾರುವವನೊಬ್ಬ ಎರಡು ಚೀಲ ಒಯ್ದು, ಮೂರನೆಯ ದಿನ ತಿರುಗಿ ತಂದಿಟ್ಟ. ಒಳಗೆ ಬಳೆಚೂರು, ಪ್ಲಾಸ್ಟಿಕ್ಕಿನ ಎಳೆ, ಶಾಂಪೂ ಪಾಕೀಟಿನ ಮೂಲೆ. ಮನೆಗಳಲ್ಲಿ ಎಷ್ಟು ಹೇಳಿದರೂ ಸಣ್ಣಪುಟ್ಟದ್ದು ಒಳಗೆ ಬಿದ್ದೇ ಬೀಳುತ್ತಿತ್ತು.

ಮರುದಿನ ಬೆಳಗ್ಗೆ ನೀಲಾಳ ಮುಖ ನೋಡಿ ರಾಜಶೇಖರ ಬಳ್ಳೊಳ್ಳಿಯ ಮಾತೆತ್ತಲಿಲ್ಲ.

"ಏನಾತ್ರಿ?"

ಅವಳು ಹೇಳಿದಳು. ಶೆಡ್ಡಿನಲ್ಲಿರುವ ಜರಡಿ ಸಣ್ಣದು, ಹಸಿಯಿದ್ದರೆ ಕಟ್ಟಿಕೊಳ್ಳುತ್ತದೆ. ದೊಡ್ಡ ಕಣ್ಣಿನದು ತಂದರೆ ಚೂರುಗಳು ದಾಟಿಬಿಡುತ್ತವೆ. ಹೀಗೇ ಆದರೆ ಪ್ರಯೋಗ ಮುಗಿದ ಹಾಗೆ.

"ಎರಡು ಮಾಡೂಣು," ಅವನು ಅಂದ. "ಒಂದು ದೊಡ್ಡ ಕಣ್ಣಿಂದು, ಒಂದು ಸಣ್ಣ ಕಣ್ಣಿಂದು. ಆಳೆತ್ತರ. ಗ್ವಾಡಿಗೆ ಆನಸಿ ನಿಲ್ಲಸೂದು, ಮ್ಯಾಲಿಂದ ಸುರಿಯೂದು. ಚೌಕಟ್ಟು ಮಾಡೂದ ನನ್ನ ಕೆಲಸಲ್ರಿ."

ಭಾನುವಾರ ಅವನು ಟಂಟಂ ಗಾಡಿಯಲ್ಲಿ ಎರಡು ಜರಡಿಗಳನ್ನು ಹೇರಿಕೊಂಡು ಶೆಡ್ಡಿಗೆ ಬಂದ. ಸಾಗವಾನಿ ಪಟ್ಟಿಯ ಚೌಕಟ್ಟು, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಬಿಗಿಯಾಗಿ ಎಳೆದ ತಂತಿಬಲೆ. ಯಾರದೋ ಮದುವೆಯ ಫೋಟೋಕ್ಕೆ ಮಾಡುವಷ್ಟೇ ಆಸ್ಥೆಯಿಂದ ಮಾಡಿದ್ದ.

ಮೊದಲು ಜರಡಿ ಬಹಳ ನೆಟ್ಟಗೆ ನಿಂತು ಗೊಬ್ಬರವೆಲ್ಲ ಮುಂದೆ ಜಾರಿತು. ಅವನು ಕೆಳಗೆ ಇಟ್ಟಿಗೆ ಸರಿಸಿ ಓರೆ ಮಾಡಿದ. ನೀಲಾ ಸಲಿಕೆಯಿಂದ ಸುರಿದಳು. ಮತ್ತೆ ಇಟ್ಟಿಗೆ, ಮತ್ತೆ ಸಲಿಕೆ. ಐದನೆಯ ಸಲ ಚೂರುಗಳು ಮೇಲುಳಿದು, ಹಿಂದೆ ಕಪ್ಪನೆಯ ಪುಡಿ ರವೆಯಂತೆ ಉದುರತೊಡಗಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಅವನ ರೆಪ್ಪೆಯ ಮೇಲೆ ಗೊಬ್ಬರದ ಧೂಳು ಕೂತಿತ್ತು. ಒರೆಸಬೇಕೆಂದು ಎದ್ದ ಕೈಯನ್ನು ನೀಲಾ ಸಲಿಕೆಯ ಹಿಡಿಕೆಗೆ ಕಟ್ಟಿಹಾಕಿದಳು.

"ಇಲ್ಲಿ ಬರ್ರಿ," ಅಂದಳು. "ಈ ರಾಶಿ ಒಳಗ ಕೈ ಹಾಕ್ರಿ."

ಒಣ ಎಲೆ ಹೊದಿಸಿದ್ದ ರಾಶಿ. ಅವನು ಅನುಮಾನಿಸುತ್ತ ಮೊಣಕೈವರೆಗೆ ತೂರಿಸಿದ. ಮುಖ ಬದಲಾಯಿತು.

"ಬಿಸಿ ಐತಿ."

"ನಾಕ ದಿನದ್ದು. ಇನ್ನೂ ಒಳಗ ಬೇಯಾಕತ್ತೇತಿ."

"ಹೊರಗ ನೋಡಿದ್ರ ಏನೂ ಗೊತ್ತಾಗಂಗಿಲ್ಲ."

"ಕಾವು ಹೋಗಬಾರದಂತ ಎಲಿ ಹೊದಸಿರತೇವಿ." ಅವಳು ಇನ್ನೊಂದು ಬದಿಯಿಂದ, ಕಾವು ಎಷ್ಟಿದೆ ನೋಡಲು, ತನ್ನ ಕೈಯನ್ನೂ ತೂರಿಸಿದಳು. ಒಳಗೆ, ಎಲ್ಲೋ ನಡುವೆ, ಬೆರಳಿಗೆ ಬೆರಳು ತಾಗಿತು. ತೆಗೆಯಬೇಕಾಗಿತ್ತು. ಇಬ್ಬರೂ ತೆಗೆಯಲಿಲ್ಲ. ಶೆಡ್ಡಿನ ಆಚೆ ಯಾವುದೋ ಕಾರ್ಖಾನೆಯ ಯಂತ್ರ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು.

"ಬಹಳ ಹೊತ್ತ ಇಡಬ್ಯಾಡ್ರಿ," ಕೊನೆಗೆ ಅವಳು ಮೆಲ್ಲಗೆ ಅಂದಳು. "ಸುಡತೈತಿ."

ಕೊಡದಿಂದ ನೀರು ಬಗ್ಗಿಸಿ ಅವನ ಕೈ ತೊಳೆಸುವಾಗ ರಾಜಶೇಖರ ನಗುತ್ತಿದ್ದ. "ನಾಳಿ ನೀವು ನಮ್ಮ ಮನಿ ಚಾ ಕುಡೀಲೇಬೇಕು. ದಿನಾ ಬ್ಯಾಡ ಅಂತೀರಿ, ಅವ್ವ ಬ್ಯಾಸರ ಮಾಡ್ಕೋತಾಳ."

ನೀಲಾ ಕೊಡವನ್ನು ಕೆಳಗಿಟ್ಟಳು.

"ನಿಮ್ಮ ಅವ್ವಾರು ಚಾ ಎಲ್ಲಿ ಇಡತಾರ್ರಿ?"

"ಕಿಡಕಿ ಮ್ಯಾಲ."

"ಕಿಡಕಿ ಒಳಗೋ, ಹೊರಗೋ?"

ಅವನ ನಗು ಇಳಿಯಿತು.

"ಆ ಎರಡು ಲೋಟಾ ನಿಮ್ಮ ಅಡಗಿ ಮನಿಯೊಳಗ ಹೋಗೂದನ್ನ ಎಂದಾದ್ರೂ ನೋಡೀರೇನು? ಅವು ಅಲ್ಲೇ ಹೊರಗ ಇರತಾವ. ನಮಗಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೂರು ತಿಂಗಳಿಂದ ಬಳ್ಳೊಳ್ಳಿ ಸಿಪ್ಪಿ, ಚಾ ಪುಡಿ, ಎಲ್ಲಾ ಕೇಳೀರಿ. ಇದೊಂದು ಕೇಳಲಿಲ್ಲ ನೀವು."

ಅವನ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದ. ನೀಲಾ ಸಲಿಕೆ ಎತ್ತಿಕೊಂಡು ಕೆಲಸಕ್ಕೆ ತಿರುಗಿದಳು. ಹೇಳಬಾರದಿತ್ತೇನೋ ಎನಿಸಿತು. ಹೇಳದೆ ಇನ್ನೊಂದು ದಿನ ಆ ಬಾಗಿಲಲ್ಲಿ ನಗಲು ಮಾತ್ರ ತನ್ನಿಂದ ಆಗುತ್ತಿರಲಿಲ್ಲ.

*

ಸೋಮವಾರ ಬಾಗಿಲಲ್ಲಿ ಬಕೆಟ್ಟುಗಳಷ್ಟೇ ಇದ್ದವು. ಮಂಗಳವಾರವೂ ಅಷ್ಟೇ. ಕಿಟಕಿಯ ಕಟ್ಟೆ ಖಾಲಿಯಿತ್ತು. ಇಲ್ಲಿಗೆ ಮುಗಿಯಿತು ಎಂದುಕೊಂಡಳು ನೀಲಾ. ಮುಗಿದದ್ದು ಒಳ್ಳೆಯದೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಓಣಿಯ ತುದಿಯವರೆಗೂ ಹಾರ್ನ್ ಹೊಡೆಯುವುದನ್ನೇ ಮರೆತಳು.

ಬುಧವಾರ ಗಾಡಿ ನಿಂತಾಗ ದಾನವ್ವನೇ ಹೊರಗೆ ಬಂದರು. ಗಾಡಿಯ ಪಕ್ಕದವರೆಗೂ ನಡೆದು ಬಂದು ದೇವಕ್ಕನ ಮುಂದೆ ನಿಂತರು. ಹಿಂದೆ ಹೊಸ್ತಿಲಲ್ಲಿ ರಾಜಶೇಖರ.

"ದೇವಕ್ಕಾ, ಆ ಗಾಜು ಮಗಂದಲ್ಲ. ನಂದು."

ನೀಲಾ ಇಂಜಿನ್ ಆರಿಸಿದಳು.

"ಇವರಪ್ಪನ ಫೋಟೋ ಒರಸಾಕತ್ತಿದ್ದೆ. ಕೈಜಾರಿ ಬಿತ್ತು. ಹೆದರಿಕಿ ಆಗಿ ಎಲ್ಲಾ ಬಾಚಿ ಕೈಗೆ ಸಿಕ್ಕ ಬಕೀಟಿನ್ಯಾಗ ಹಾಕಿದೆ. ನಿನ್ನ ಕೈಯಾಗ ರಕ್ತಾ ನೋಡಿದೆ. ಇಂವ ನಂದ ಅಂದಾಗ ಸುಮ್ಮನ ನಿಂತೆ. ಮೂರ ತಿಂಗಳಾತು, ಸುಮ್ಮನ ಅದೇನಿ." ಅವರು ಕಿಟಕಿಯ ಕಟ್ಟೆಯತ್ತ ನೋಡಿದರು. "ದಿನಾ ಚಾ ಇಟ್ಟು ತಪ್ಪು ತೊಳಕೊಂಡೆ ಅಂತ ತಿಳದಿದ್ದೆ. ಅದನ್ನೂ ಹೊರಗ ಇಟ್ಟೆ. ಮಗಾ ಕೂಡ್ರಿಸಿಕೊಂಡು ಕೇಳಿದ, ಅವ್ವಾ ಯಾಕಂತ. ನನಗ ಹೇಳಾಕ ಬರಲಿಲ್ಲ."

ದೇವಕ್ಕ ತನ್ನ ಅಂಗೈಯ ಕಲೆಯನ್ನು ಹೆಬ್ಬೆರಳಿನಿಂದ ಸವರಿಕೊಂಡಳು. "ನನಗ ಗೊತ್ತಿತ್ರಿ ಅವ್ವಾರ."

"ಗೊತ್ತಿತ್ತಾ?"

"ಗಾಜಿಗೆ ವಿಭೂತಿ ಹತ್ತಿತ್ತು. ಅಂಗಡಿ ಹೊಸಾ ಗಾಜಿಗೆ ವಿಭೂತಿ ಎಲ್ಲಿಂದ ಬರಬೇಕ್ರಿ?"

"ಮತ್ತ ಯಾಕ ಹೇಳಲಿಲ್ಲ ನೀನು?"

"ಹೇಳೂದು ನನ್ನ ಕೆಲಸ ಅಲ್ರಿ ಅದು."

ದಾನವ್ವ ಸೆರಗಿನಿಂದ ಕಣ್ಣೊತ್ತಿಕೊಂಡರು. "ಒಳಗ ಬರ್ರಿ ಇಬ್ಬರೂ. ಚಾ ಮಾಡೇನಿ."

"ಮುಂದ ಇನ್ನೂ ಭಾಳ ಮನಿ ಅದಾವ್ರಿ," ಅಂದಳು ದೇವಕ್ಕ. "ಐತವಾರ ಬರತೇವಿ."

ಆ ಭಾನುವಾರ ಪಡಸಾಲೆಯಲ್ಲಿ ನಾಲ್ವರೂ ಒಂದೇ ಚಾಪೆಯ ಮೇಲೆ ಕೂತು ಉಂಡರು. ರೊಟ್ಟಿ ನೀಡುವಾಗ ನೀಲಾಳ ತಟ್ಟೆಯ ಮೇಲೆ ದಾನವ್ವನ ಕೈ ಒಂದು ಕ್ಷಣ ತಡೆಯಿತು. ಅರವತ್ತು ವರ್ಷದ ರೂಢಿ. ಆಮೇಲೆ ಇಳಿದು, ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಶೇಂಗಾ ಚಟ್ನಿ ಬಡಿಸಿತು. ನೀಲಾ ತಡೆದದ್ದನ್ನೂ ನೋಡಿದಳು, ಇಳಿದದ್ದನ್ನೂ ನೋಡಿದಳು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ರಾಜಶೇಖರ ತಂಬಿಗೆ ಹಿಡಿದು ನಿಂತಿದ್ದ.

"ಅವತ್ತ ಖರೇ ಯಾಕ ಹೇಳಲಿಲ್ಲ?" ಅವಳು ಕೇಳಿದಳು.

"ಅವ್ವನ ಕೈ ನಡಗಾಕತ್ತಿತ್ತು. ಅದಕ್ಕ."

"ಮೂರ ತಿಂಗಳು ಮನಸಿನ್ಯಾಗ ನಿಮ್ಮನ್ನ ಬೈದೇನಿ ನಾನು."

"ಮೂರೂ ತಿಂಗಳಾ?"

ನೀಲಾ ನೀರಿನ ಧಾರೆಯನ್ನು ನೋಡಿದಳು. "ಮೊದಲನೇ ವಾರ," ಎಂದು ತಿದ್ದಿಕೊಂಡಳು.

*

ಆರು ತಿಂಗಳು ಮುಗಿಯಿತು. ಗೊಬ್ಬರ ಎರಡು ಜರಡಿ ದಾಟಿ ಚೊಕ್ಕಟಾಗಿ ಬಂತು. ಸಸಿಯವನೇ ಮತ್ತೆ ಬಂದು ಒಯ್ದ. ಪದ್ಧತಿಯನ್ನು ಹುಬ್ಬಳ್ಳಿಯ ವಾರ್ಡುಗಳಿಗೂ ಹಬ್ಬಿಸಬೇಕೆಂದು ತೀರ್ಮಾನವಾಯಿತು. ಅಲ್ಲಿ ಹೊಸದಾಗಿ ಗಾಡಿ ಹಿಡಿಯುವ ಹೆಣ್ಣುಮಕ್ಕಳಿಗೆ ಕಲಿಸಲು ನೀಲಾಳನ್ನು ತಾರಿಹಾಳದ ಕಡೆಗೆ ಹಾಕಿದರು. ಅವಳು ಬಯಸಿದ್ದೆಲ್ಲ ಆಗಿತ್ತು. ಈ ಓಣಿಯೊಂದು ಕೈಬಿಟ್ಟಿತ್ತು.

ಕೊನೆಯ ಬೆಳಗ್ಗೆ ಬಕೆಟ್ಟುಗಳನ್ನು ಸುರಿದ ಮೇಲೂ ರಾಜಶೇಖರ ಗಾಡಿಯ ಬಾಗಿಲು ಬಿಡಲಿಲ್ಲ.

"ನಾಳಿಂದ ಏಳೂವರಿಗೆ ಬ್ಯಾರೆ ಯಾರರೆ ಬರತಾರ."

"ಛಲೋ ಹುಡುಗಿ ಅದಾಳ. ಬಳ್ಳೊಳ್ಳಿ ಬಗ್ಗೆ ಆಕೀನ ಕೇಳಬ್ಯಾಡ್ರಿ."

ಅವನು ನಗಲಿಲ್ಲ. "ನೀಲಾ, ನಾವು ಮದವಿ ಆಗೂಣೇನು?"

ದೇವಕ್ಕ ಗಾಡಿಯ ಆಚೆ ಬದಿಗೆ ಹೋಗಿ, ಇಲ್ಲದ ಏನನ್ನೋ ಚೀಲದಲ್ಲಿ ಹುಡುಕತೊಡಗಿದಳು.

ನೀಲಾಳ ಕೈ ಸ್ಟೇರಿಂಗಿನ ಮೇಲೆ ಇದ್ದಲ್ಲೇ ನಿಂತಿತು.

"ನಾ ಗಾಡಿ ಬಿಡಂಗಿಲ್ಲ," ಅಂದಳು.

"ಬಿಡು ಅಂದವರ್ಯಾರು?"

"ನಿಮ್ಮ ಮನಿಯೊಳಗ ಅವ್ವಾರು ರೊಟ್ಟಿ ನೀಡಿದ್ರು. ಅದು ನಾಲ್ಕ ಗ್ವಾಡಿ ಒಳಗಿನ ಮಾತು. ಹೊರಗ ನಿಮ್ಮ ಬಳಗದವರು, ಅಂಗಡಿಗೆ ಬರೂ ಮಂದಿ, ಹುಡುಗಿ ಏನ್ ಮಾಡತಾಳಂತ ಕೇಳತಾರ. ಎಲ್ಲೆರೆ ಆಫೀಸ್ನ್ಯಾಗ ಅದಾಳ ಅಂತೀರಿ. ಪಾಲಿಕಿ ನೌಕರಿ ಅಂತೀರಿ. ಅಂದ ದಿನ ನಾ ಸಣ್ಣಾಕಿ ಆಗತೇನಿ."

"ಹಂಗ ಅನ್ನಂಗಿಲ್ಲ."

"ಈಗ ಅನ್ನಂಗಿಲ್ಲ. ಎದರಿಗೆ ಯಾರರೆ ನಿಂತಾಗ ಬಾಯಿ ತಾನಾಗೇ ಸುಳ್ಳು ಹೇಳತೈತ್ರಿ. ನೀವು ಛಲೋ ಅದೀರಿ ಅಂತನ ಹೆದರಿಕಿ." ಹಿಂದಿನಿಂದ ಒಂದು ಹಾಲಿನ ಗಾಡಿ ಹಾರ್ನ್ ಹೊಡೆಯಿತು. "ನನಗ ಸ್ವಲ್ಪ ದಿನಾ ಕೊಡ್ರಿ."

ಹೊಸ ಕೆಲಸದಲ್ಲಿ ದಿನಗಳು ಹೋದವು. ಕಲಿಯುವ ಹುಡುಗಿಯರಿಗೆ ಗೇರು ಹಾಕುವುದನ್ನು ತೋರಿಸುವಾಗ ನೀಲಾಳಿಗೆ ಸುಮ್ಮನೆ ನಗು ಬರುತ್ತಿತ್ತು. ಏಳೂವರೆ ಆದಾಗಲೆಲ್ಲ ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. ಅವನು ಫೋನು ಮಾಡಲಿಲ್ಲ. ದಿನ ಕೊಡಿ ಎಂದು ಕೇಳಿದ್ದಳು, ಕೊಟ್ಟಿದ್ದ. ಮೂರನೆಯ ವಾರ ಅವಳೇ ಸೋತಳು. ರಜೆಯ ದಿನ ತಲೆಗೆ ನೀರೆರೆದುಕೊಂಡು, ಬದನೆಕಾಯಿ ಬಣ್ಣದ ಇಳಕಲ್ಲ ಸೀರೆ ಉಟ್ಟು ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅವನೊಬ್ಬನೇ ಇರಲಿಲ್ಲ. ಕುರ್ಚಿಯಲ್ಲಿ ಬಿಳಿ ಧೋತರ, ಕರಿ ಟೊಪ್ಪಿಗೆಯ ಹಿರಿಯರೊಬ್ಬರು ಕೂತು ತಮ್ಮ ಫೋಟೋಕ್ಕೆ ಕಟ್ಟು ಹಾಕಿಸಿಕೊಳ್ಳುತ್ತಿದ್ದರು. ಕಾಳುಕಡಿ ವ್ಯಾಪಾರದ ಬಸಣ್ಣ, ದಾನವ್ವನ ದೂರದ ಮೈದುನ. ರಾಜಶೇಖರ ತಲೆಯೆತ್ತಿ ನೀಲಾಳನ್ನು ನೋಡಿದ. ಕೈಯಲ್ಲಿದ್ದ ಸುತ್ತಿಗೆ ಹಾಗೇ ಉಳಿಯಿತು. ಅವಳನ್ನು ಸೀರೆಯಲ್ಲಿ ಅವನು ನೋಡಿದ್ದು ಅದೇ ಮೊದಲು.

ಬಸಣ್ಣ ಕನ್ನಡಕ ಸರಿಮಾಡಿಕೊಂಡರು. "ಯಾರಪಾ ಇವರು? ನೋಡಿದಂಗ ಐತಿ."

ನೀಲಾ ರಾಜಶೇಖರನನ್ನೇ ನೋಡಿದಳು. ಗಿರಾಕಿ ಎನ್ನಬಹುದಿತ್ತು. ಪರಿಚಯದವರು ಎನ್ನಬಹುದಿತ್ತು. ಅವೆರಡೂ ಸುಳ್ಳಲ್ಲ.

ರಾಜಶೇಖರ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ.

"ನೀಲಾ ಅಂತ, ಕಾಕಾ. ನಮ್ಮ ಓಣಿಗೆ ಕಸದ ಗಾಡಿ ತರತಿದ್ರು. ಈಗ ಹುಬ್ಬಳ್ಳ್ಯಾಗ ಕಸದ ಗಾಡಿ ನಡಸೂದು ಕಲಸತಾರ. ನಾ ಇವರನ್ನ ಮದವಿ ಆಗಬೇಕಂತ ಮಾಡೇನಿ. ಇವರು ಇನ್ನೂ ಹೂಂ ಅಂದಿಲ್ಲ."

ಬಸಣ್ಣ ಅವನನ್ನು ನೋಡಿದರು, ಅವಳನ್ನು ನೋಡಿದರು. ಧೋತರದ ಚುಂಗು ಹಿಡಿದು ನಿಧಾನಕ್ಕೆ ಎದ್ದರು. ಮುಖ ಗಟ್ಟಿಯಾಗಿತ್ತು.

"ದಾನವ್ವಗ ಇದು ಗೊತ್ತೈತೇನು?"

ಒಳಗಿನ ಬಾಗಿಲ ಪರದೆ ಸರಿಯಿತು. ದಾನವ್ವನ ದನಿ ಮೆಲ್ಲಗಿತ್ತು, ಆದರೆ ನಡುಗಲಿಲ್ಲ. "ಗೊತ್ತೈತಿ, ಬಸಣ್ಣ. ಕೂಡ್ರು. ಎಲ್ಲಾರಿಗೂ ಚಾ ತರಾಕತ್ತೇನಿ."

ಬಸಣ್ಣ ಕೂಡಲಿಲ್ಲ. ಫೋಟೋ ನಾಳೆ ಒಯ್ಯುತ್ತೇನೆ ಎಂದಷ್ಟೇ ಹೇಳಿ ಹೊರಗೆ ಮೆಟ್ಟಿಲಿಳಿದು, ಚಪ್ಪಲಿಗಾಗಿ ಕಾಲಾಡಿಸತೊಡಗಿದರು.

ನೀಲಾ ಮೇಜಿನ ಹತ್ತಿರ ಬಂದಳು. ರಾಜಶೇಖರನ ಹಣೆಯಲ್ಲಿ ಬೆವರಿತ್ತು. ಅದರ ಮೇಲೆ ಕಟ್ಟಿಗೆಯ ಪುಡಿ ಅಂಟಿತ್ತು. ಈ ಸಲ ಅವಳು ಕೈಯನ್ನು ತಡೆಯಲಿಲ್ಲ. ಸೆರಗಿನ ತುದಿಯಿಂದ ಒರೆಸಿದಳು.

"ಕಾಕಾ ಅವರನ್ನ ಕರೀರಿ," ಅಂದಳು.

"ಯಾಕ?"

"ಅರ್ಧ ಮಾತು ಕೇಳಿ ಹೊಂಟಾರ. ಹೂಂ ಅಂದಾಳಂತ ಹೇಳ್ರಿ."